ಗೆದ್ದ ಅಧ್ಯಕ್ಷನ ಬೆನ್ನಿಗೆ ಸದನದಲ್ಲಿ ಎಷ್ಟು ಜನ?

ಪ್ರಶ್ನೆ: ಗುರುಗಳೇ, ನಾನು ಯಾದಗಿರಿ ಜಿಲ್ಲೆಯ ಶಹಾಪುರದವನು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಮ್ಮ ಓದುವ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಒಂದು ಜಗಳ ಏಳುತ್ತದೆ. ಶಾಸಕರನ್ನು ರೆಸಾರ್ಟಿಗೆ ಸಾಗಿಸುವ ರಾಜಕಾರಣ ನಿಲ್ಲಬೇಕಾದರೆ ಜನರೇ ನೇರವಾಗಿ ಆರಿಸುವ ಅಧ್ಯಕ್ಷ ಬೇಕು ಎಂದು ಅರ್ಧ ಜನ. ಹಾಗಿದ್ದರೆ ಪೆರುವಿನಲ್ಲಿ ಅಧ್ಯಕ್ಷರು ವರ್ಷ ವರ್ಷ ಬದಲಾಗುವುದೇಕೆ ಎಂದು ಉಳಿದರ್ಧ. ಒಂದೇ ಪದ್ಧತಿ ಒಂದು ದೇಶದಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಕುಸಿಯುತ್ತದೆ. ಚುನಾವಣೆಯ ನಿಯಮವೇ ಇದಕ್ಕೆ ಕಾರಣವೇ? ಇಷ್ಟೊಂದು ಪಕ್ಷಗಳಿರುವ ನಮ್ಮಲ್ಲಿ ಅದು ಹೇಗೆ ನಡೆದೀತು? ಬೇರೇನೂ ಬೇಡ, ಕಲಬುರಗಿಯ ಮೇಯರ್ ಅವರನ್ನಾದರೂ ನೇರವಾಗಿ ಆರಿಸಬಹುದಲ್ಲವೇ?

ಉತ್ತರ: ನಿಮ್ಮ ಕೋಣೆಯಲ್ಲಿ ಜಗಳವಾಡುವ ಎರಡೂ ಗುಂಪಿನವರು ಅಧ್ಯಕ್ಷನನ್ನೇ ನೋಡುತ್ತಿದ್ದಾರೆ. ನೋಡಬೇಕಾದದ್ದು ಅವನ ಎದುರಿಗೆ ಕುಳಿತ ಸದನವನ್ನು. ಅಧ್ಯಕ್ಷೀಯ ಪದ್ಧತಿಯಲ್ಲಿ ಚುನಾವಣೆಯ ನಿಯಮ ಒಂದಲ್ಲ, ಎರಡು. ಅಧ್ಯಕ್ಷನನ್ನು ಆರಿಸುವುದಕ್ಕೆ ಒಂದು, ಸದನವನ್ನು ಆರಿಸುವುದಕ್ಕೆ ಇನ್ನೊಂದು. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ತಪ್ಪು ಕಾಣುವುದಿಲ್ಲ. ಒಂದೇ ನೊಗಕ್ಕೆ ಕಟ್ಟಿದಾಗ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ.

ದೂರದ ಪೆರುವಿಗೆ ಹೋಗುವ ಮೊದಲು ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಸ್ವಲ್ಪ ನಿಲ್ಲೋಣ. ಈ ನೆಲ ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ಚಿಂಚೋಳಿಯ ವೀರೇಂದ್ರ ಪಾಟೀಲ ಮತ್ತು ಜೇವರ್ಗಿಯ ಧರ್ಮಸಿಂಗ್. 1989ರ ಚುನಾವಣೆಯಲ್ಲಿ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 224 ಸ್ಥಾನಗಳಲ್ಲಿ 178 ಗೆದ್ದಿತು. ಅದಕ್ಕೆ ಬಿದ್ದ ಮತ ಶೇ 44ರ ಆಸುಪಾಸು ಮಾತ್ರ. ವಿರೋಧಿ ಮತ ಒಡೆದು ಹೋಗಿದ್ದರಿಂದ ಅಷ್ಟು ಮತಕ್ಕೆ ಅಷ್ಟು ಸ್ಥಾನ. ಇಷ್ಟು ದೊಡ್ಡ ಬಹುಮತದ ಮುಖ್ಯಮಂತ್ರಿ ಒಂದು ವರ್ಷ ಪೂರೈಸಲಿಲ್ಲ. 1990ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವದ ಬದಲಾವಣೆಯನ್ನು ಪ್ರಕಟಿಸಿದರು. ಧರ್ಮಸಿಂಗ್ ಅವರ ಕಥೆ ಬೇರೆ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58 ಬಂದು ಸದನ ಅತಂತ್ರವಾಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಅವರನ್ನು ಕೂರಿಸಿದವು. 2006ರ ಆರಂಭದಲ್ಲಿ ಜೆಡಿಎಸ್ ಶಾಸಕರು ಕುಮಾರಸ್ವಾಮಿಯವರ ಹಿಂದೆ ಹೋದರು, ಸರ್ಕಾರ ಬಿತ್ತು. ಒಬ್ಬರನ್ನು ಇಳಿಸಿದ್ದು ಸ್ವಂತ ಪಕ್ಷ, ಇನ್ನೊಬ್ಬರನ್ನು ಇಳಿಸಿದ್ದು ಮಿತ್ರಪಕ್ಷ. ಎರಡು ಸಲವೂ ಅದೇ ವಿಧಾನಸಭೆಯಿಂದ ಹೊಸ ಸರ್ಕಾರ ಹುಟ್ಟಿತು. ಜನ ಮತಗಟ್ಟೆಗೆ ಹೋಗಬೇಕಾಗಲಿಲ್ಲ.

ಈಗ ಇದನ್ನು ತಿರುಗಿಸಿ ನೋಡಿ. ಧರ್ಮಸಿಂಗ್ ಅವರನ್ನು ಇಡೀ ರಾಜ್ಯದ ಜನ ಐದು ವರ್ಷಕ್ಕೆ ನೇರವಾಗಿ ಆರಿಸಿದ್ದರು ಎಂದಿಟ್ಟುಕೊಳ್ಳಿ. 2006ರಲ್ಲಿ ಜೆಡಿಎಸ್ ಕೈಬಿಟ್ಟರೂ ಅವರು ಇಳಿಯಬೇಕಾಗಿರಲಿಲ್ಲ, ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕುರ್ಚಿ ಅವರದೇ. ಆದರೆ 224ರಲ್ಲಿ ಅವರ ಪರ ಕೈ ಎತ್ತುವವರು 65. ಬಜೆಟ್ ಒಪ್ಪಿಸುವುದು ಹೇಗೆ? ಮಸೂದೆ ದಾಟಿಸುವುದು ಹೇಗೆ? ಅವರು ‘ನಾನು ಜನರಿಂದ ಬಂದವನು’ ಎನ್ನುತ್ತಾರೆ, ಸದನವೂ ಅದನ್ನೇ ಹೇಳುತ್ತದೆ, ಇಬ್ಬರ ಮಾತೂ ನಿಜ. ಯಾರ ಮಾತು ಮೇಲು ಎಂದು ತೀರ್ಪು ಕೊಡುವ ದಾರಿಯೇ ಪದ್ಧತಿಯ ಒಳಗೆ ಇರುವುದಿಲ್ಲ. ಹುವಾನ್ ಲಿಂಜ್ ಎಂಬ ರಾಜಕೀಯ ಶಾಸ್ತ್ರಜ್ಞ 1990ರಲ್ಲಿ ಅಧ್ಯಕ್ಷೀಯ ಪದ್ಧತಿಯ ಮೇಲೆ ಹೊರಿಸಿದ ಮುಖ್ಯ ಆರೋಪ ಇದೇ. ಆರೋಪ ಸರಿ, ಆದರೆ ಅರ್ಧ ಸರಿ ಎಂದು ನನಗನ್ನಿಸುತ್ತದೆ. ಈ ಬಿಕ್ಕಟ್ಟು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಎಷ್ಟು ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ಚುನಾವಣೆಯ ನಿಯಮಗಳೇ ನಿರ್ಧರಿಸುತ್ತವೆ.

ತರಗತಿಯಲ್ಲಿ ಇದನ್ನು ವಿವರಿಸಿ ವಿವರಿಸಿ ಸೋತ ಮೇಲೆ ಒಂದು ವರ್ಷ ಬೇರೆ ದಾರಿ ಹಿಡಿದೆ. ಕಲಬುರಗಿಯಲ್ಲಿ ಪದವಿ ಅಂತಿಮ ವರ್ಷಕ್ಕೆ ಪಾಠ ಮಾಡುತ್ತಿದ್ದ ದಿನಗಳು. ಅರವತ್ತು ವಿದ್ಯಾರ್ಥಿಗಳು, ಒಂದು ದಿನದ ಪ್ರವಾಸ, ಐದು ಜಾಗಗಳ ಹೆಸರು. ಜಾಗಕ್ಕೊಬ್ಬ ಮುಂದಾಳು. ಗೆದ್ದ ಜಾಗದ ಮುಂದಾಳೇ ಪ್ರವಾಸದ ನಾಯಕ. ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿ, ಒಬ್ಬಳ ಊಟದ ಡಬ್ಬಿಯನ್ನೇ ಮತಪೆಟ್ಟಿಗೆ ಮಾಡಿದೆವು. ಚೀಟಿಗಳಿಗೆ ಶೇಂಗಾ ಚಟ್ನಿಯ ವಾಸನೆ ಹತ್ತಿತ್ತು. ಕಪ್ಪು ಹಲಗೆಯ ಮೇಲೆ ಐದೈದು ಗೀಟು ಎಳೆದು ಎಣಿಸಿದಾಗ ಬೀದರ್ ಕೋಟೆಗೆ 18, ಸನ್ನತಿಗೆ 14, ಬಸವಕಲ್ಯಾಣಕ್ಕೆ 13, ಮಳಖೇಡಕ್ಕೆ 9, ಯಾದಗಿರಿ ಕೋಟೆಗೆ 6 ಬಂದವು.

ಹೆಚ್ಚು ಮತ ಪಡೆದವರೇ ಗೆದ್ದವರು ಎನ್ನುವುದಾದರೆ ಬೀದರ್ ಗೆದ್ದಿತು. ಅರವತ್ತರಲ್ಲಿ ನಲವತ್ತೆರಡು ಜನಕ್ಕೆ ಬೇಡವಾದ ಗೆಲುವು ಅದು. ಗಲಾಟೆ ಎದ್ದಿತು. ಸರಿ, ಮೊದಲ ಎರಡು ಜಾಗಗಳ ನಡುವೆ ಎರಡನೇ ಸುತ್ತು ಮಾಡೋಣ ಎಂದೆ. ಈ ಸಲ ಸನ್ನತಿಗೆ 35, ಬೀದರ್‌ಗೆ 25. ಬೀದರ್ ನೋಡಿಯಾಗಿದೆ ಎನ್ನುವವರೆಲ್ಲ ಸನ್ನತಿಗೆ ಹಾಕಿದ್ದರು, ಸನ್ನತಿಯ ಅಶೋಕನ ಶಾಸನದ ಮೇಲಿನ ಪ್ರೀತಿಗಲ್ಲ. ಸನ್ನತಿಯ ಹುಡುಗ ಕಾಲರ್ ಏರಿಸಿಕೊಂಡು ಮುಂದೆ ಬಂದ. ಅವನ ಮುಖದಲ್ಲಿ 35 ಮತದ ಕಳೆ ಇತ್ತು.

ಆಟ ಅಲ್ಲಿಗೆ ಮುಗಿಯುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಬಸ್ಸಿನ ಬಾಡಿಗೆ, ಊಟ, ಹೊರಡುವ ಹೊತ್ತು ಎಲ್ಲ ತೀರ್ಮಾನಿಸುವುದು ಆರು ಜನರ ಸಮಿತಿ. ಮೊದಲ ಸುತ್ತಿನ ಮತಗಳ ಪ್ರಮಾಣಕ್ಕೆ ತಕ್ಕಂತೆ ಸಮಿತಿ ರಚನೆಯಾಗುತ್ತದೆ. ಲೆಕ್ಕ ಹಾಕಿದರೆ ಬೀದರ್‌ನವರು ಇಬ್ಬರು, ಉಳಿದ ನಾಲ್ಕು ಜಾಗಗಳಿಗೆ ಒಬ್ಬೊಬ್ಬರು. ಮೂವತ್ತೈದು ಮತದ ನಾಯಕನಿಗೆ ಸಮಿತಿಯಲ್ಲಿದ್ದದ್ದು ಒಂದೇ ಕೈ. ಕಾಲರ್ ಇಳಿಯಿತು. ಮುಂದಿನ ಎರಡು ದಿನ ಅವನು ಮಾಡಿದ್ದು ಬರೀ ಸಂಧಾನ. ಹೋಗುವ ದಾರಿಯಲ್ಲಿ ಮಳಖೇಡ ಸೇರಿಸಿದ, ಒಂದು ಮತ ಬಂತು. ಬರುವಾಗ ಯಾದಗಿರಿ ಕೋಟೆಗೂ ಹೋಗೋಣ ಎಂದ, ಇನ್ನೊಂದು ಬಂತು. ಬಸವಕಲ್ಯಾಣದವರಿಗೆ ಹಣದ ಚೀಲವನ್ನೂ ಬಸ್ಸಿನ ಮುಂದಿನ ಸೀಟುಗಳನ್ನೂ ಬಿಟ್ಟುಕೊಟ್ಟು ನಾಲ್ಕನೆಯ ಮತ ಗಿಟ್ಟಿಸಿದ. ಆ ಭಾನುವಾರ ಮಳಖೇಡದಲ್ಲೇ ಹೊತ್ತು ಏರಿತು, ಊಟ ತಡವಾಯಿತು, ಭೀಮಾ ದಂಡೆಯ ಸನ್ನತಿ ಮುಟ್ಟಿದಾಗ ಸೂರ್ಯ ಇಳಿಯುತ್ತಿದ್ದ. ಗೆದ್ದ ಜಾಗವನ್ನು ನಾವು ನೋಡಿದ್ದು ನಲವತ್ತು ನಿಮಿಷ. ಯಾದಗಿರಿ ಕೋಟೆಯನ್ನಂತೂ ಕತ್ತಲಲ್ಲಿ ಬಸ್ಸಿನ ಕಿಟಕಿಯಿಂದ ಕಂಡಂತೆ ಮಾಡಿದೆವು.

ಆ ಹುಡುಗ ಎರಡು ದಿನದಲ್ಲಿ ಮಾಡಿದ್ದನ್ನು ಬ್ರೆಜಿಲ್‌ನ ಅಧ್ಯಕ್ಷರು ನಾಲ್ಕು ವರ್ಷ ಮಾಡುತ್ತಾರೆ. ಅಲ್ಲಿಗೆ ಬರುತ್ತೇನೆ. ಮೊದಲು ಆ ಹಲಗೆಯ ಮೇಲಿನ ಒಂದೊಂದು ಅಂಕಿ ಒಂದೊಂದು ದೇಶದಲ್ಲಿ ಏನು ಮಾಡಿತು ನೋಡಿ.

ಬರೀ ಹೆಚ್ಚು ಮತದ ನಿಯಮದಲ್ಲಿ, ಕಣದಲ್ಲಿ ಜನ ಹೆಚ್ಚಿದಷ್ಟೂ ಗೆಲ್ಲುವವನ ಪಾಲು ಕರಗುತ್ತದೆ. 1992ರಲ್ಲಿ ಫಿಲಿಪ್ಪೀನ್ಸ್‌ನ ಫಿಡೆಲ್ ರಾಮೋಸ್ ಶೇ 24ಕ್ಕಿಂತ ಕಡಿಮೆ ಮತದಲ್ಲಿ ಅಧ್ಯಕ್ಷರಾದರು. 1987ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸೈನಿಕ ಆಡಳಿತದ ಉತ್ತರಾಧಿಕಾರಿ ರೋ ತೇ ವೂ ಶೇ 36.6 ಮತ ಪಡೆದು ಗೆದ್ದರು. ಪ್ರಜಾಪ್ರಭುತ್ವಕ್ಕೆ ಹೋರಾಡಿದ ಇಬ್ಬರು ಕಿಮ್‌ಗಳಿಗೆ ಸೇರಿ ಶೇ 55 ಬಿದ್ದಿತ್ತು, ಆದರೆ ಇಬ್ಬರೂ ಹಿಂದೆ ಸರಿಯಲೊಪ್ಪಲಿಲ್ಲ. ಮರುವರ್ಷ ಸಂಸತ್ತಿನಲ್ಲಿ ರೋ ಅವರ ಪಕ್ಷಕ್ಕೆ ಬಹುಮತ ಬರಲಿಲ್ಲ. 1990ರಲ್ಲಿ ಆ ಇಬ್ಬರಲ್ಲಿ ಒಬ್ಬ ಕಿಮ್, ಅಂದರೆ ಕಿಮ್ ಯಂಗ್ ಸಾಮ್, ತಮ್ಮ ಪಕ್ಷವನ್ನೇ ರೋ ಅವರ ಪಕ್ಷದಲ್ಲಿ ವಿಲೀನ ಮಾಡಿದರು, ಇನ್ನೊಂದು ಪಕ್ಷವೂ ಜೊತೆಗೆ ಸೇರಿತು. ಪಕ್ಷಾಂತರ ನಮ್ಮ ಕಡೆಯ ರೋಗ ಎಂದುಕೊಂಡವರು ಇದನ್ನು ಗುರುತು ಹಾಕಿಕೊಳ್ಳಬೇಕು.

ಚಿಲಿಯ 1970ರ ಚುನಾವಣೆಯಲ್ಲಿ ಎಡಪಂಥದ ಅಭ್ಯರ್ಥಿ ಅಯೆಂದೆ ಶೇ 36ಕ್ಕಿಂತ ತುಸು ಹೆಚ್ಚು ಪಡೆದರು, ಎರಡನೆಯವರು ಶೇ 35ರ ಹತ್ತಿರ, ಮೂರನೆಯವರು ಶೇ 28. ಯಾರಿಗೂ ಅರ್ಧ ಬಾರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಸಂಸತ್ತು ಆರಿಸಬೇಕು ಎಂಬುದು ಆಗಿನ ನಿಯಮ. ಸಂಸತ್ತು ಅಯೆಂದೆ ಅವರನ್ನೇ ಆರಿಸಿತು, ಆದರೆ ಅವರ ಕೂಟಕ್ಕೆ ಅಲ್ಲಿ ಬಹುಮತ ಇರಲಿಲ್ಲ. ಮೂರು ವರ್ಷದ ಜಗ್ಗಾಟದ ಕೊನೆಯಲ್ಲಿ, 1973ರ ಸೆಪ್ಟೆಂಬರ್ 11ರಂದು, ಸೇನೆ ಅರಮನೆಗೆ ನುಗ್ಗಿತು. ಆ ರಕ್ತಪಾತಕ್ಕೆ ಚುನಾವಣೆಯ ನಿಯಮವೊಂದೇ ಕಾರಣ ಎಂದು ಹೇಳುವಷ್ಟು ಭೋಳೆ ನಾನಲ್ಲ. ಶೀತಲ ಸಮರವಿತ್ತು, ಅಮೆರಿಕದ ಕೈವಾಡವಿತ್ತು. ಆದರೆ ಸಂಸದೀಯ ಪದ್ಧತಿಯಲ್ಲಾಗಿದ್ದರೆ ಒಂದು ಅವಿಶ್ವಾಸ ಗೊತ್ತುವಳಿಯಲ್ಲಿ ಮುಗಿಯಬಹುದಾದ ಜಗಳಕ್ಕೆ ಅಲ್ಲಿ ಬಾಗಿಲೇ ಇರಲಿಲ್ಲ. ಬೊಲಿವಿಯಾದಲ್ಲೂ ಸಂಸತ್ತೇ ಆರಿಸುತ್ತಿತ್ತು. 1989ರಲ್ಲಿ ಮೂರನೇ ಸ್ಥಾನಕ್ಕೆ ಬಂದಿದ್ದ ಹೈಮೆ ಪಾಸ್ ಸಮೋರಾ ಎರಡನೇ ಸ್ಥಾನದವರ ಬೆಂಬಲದಿಂದ ಅಧ್ಯಕ್ಷರಾದರು. ನಮಗೆ ಇದು ವಿಚಿತ್ರವಾಗಿ ಕಾಣಬಾರದು. ಧರ್ಮಸಿಂಗ್ ಅವರ ಪಕ್ಷವೂ 2004ರಲ್ಲಿ ಮೊದಲ ಸ್ಥಾನದಲ್ಲಿ ಇರಲಿಲ್ಲ.

ಈ ಅನುಭವಗಳ ನಂತರ ಲ್ಯಾಟಿನ್ ಅಮೆರಿಕದ ಬಹಳಷ್ಟು ದೇಶಗಳು ಎರಡು ಸುತ್ತಿನ ನಿಯಮಕ್ಕೆ ಹೋದವು. ಅರ್ಧಕ್ಕಿಂತ ಹೆಚ್ಚು ಮತದ ಅಧ್ಯಕ್ಷ ಗಟ್ಟಿಯಾಗಿರುತ್ತಾನೆ ಎಂಬುದು ಲೆಕ್ಕ. ಅಲ್ಲೇ ಎಡವಿದ್ದು. ಎರಡನೇ ಸುತ್ತು ಅಧ್ಯಕ್ಷನಿಗೆ ಬಹುಮತ ಕೊಡುತ್ತದೆ, ಸದನಕ್ಕೆ ಕೊಡುವುದಿಲ್ಲ. ಜೊತೆಗೆ ಮೊದಲ ಸುತ್ತಿನಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು ಎಂಬ ಆಸೆಯನ್ನೂ ಹುಟ್ಟಿಸುತ್ತದೆ. ಎರಡನೇ ಸ್ಥಾನ ಸಿಕ್ಕರೆ ಸಾಕು, ಮುಂದಿನದು ಎದುರಾಳಿಯ ಮೇಲಿನ ಜನರ ಸಿಟ್ಟು ನೋಡಿಕೊಳ್ಳುತ್ತದೆ. ಹಾಗೆ ಬಂದ ಮತ ಕಡ ತಂದ ಬೀಜದಂತೆ. ಬಿತ್ತುವುದಕ್ಕೆ ಆಯಿತು, ಆದರೆ ರಾಶಿಯ ಹೊತ್ತಿಗೆ ಕೊಟ್ಟವರು ಬಾಗಿಲಲ್ಲಿ ನಿಂತಿರುತ್ತಾರೆ.

ಪೆರುವನ್ನು ನೀವೇ ಕೇಳಿದ್ದೀರಿ. 2016ರಲ್ಲಿ ಕೂಚಿನ್‌ಸ್ಕಿ ಮೊದಲ ಸುತ್ತಿನಲ್ಲಿ ಶೇ 21 ಪಡೆದು ಎರಡನೆಯವರಾಗಿದ್ದರು, ಮೊದಲಿನವರು ಶೇ 40ರ ಸನಿಹದ ಕೇಕೋ ಫುಜಿಮೋರಿ. ಎರಡನೇ ಸುತ್ತಿನಲ್ಲಿ ಕೂಚಿನ್‌ಸ್ಕಿ ಕೂದಲೆಳೆಯಲ್ಲಿ ಗೆದ್ದರು. ಆದರೆ ಸಂಸತ್ತಿನ 130 ಸ್ಥಾನಗಳು ಮೊದಲ ಸುತ್ತಿನ ದಿನವೇ ಹಂಚಿಕೆಯಾಗಿದ್ದವು. ಅವುಗಳಲ್ಲಿ ಕೇಕೋ ಪಕ್ಷಕ್ಕೆ 73, ಅಧ್ಯಕ್ಷರಿಗೆ 18. ಎರಡು ವರ್ಷ ತುಂಬುವ ಮೊದಲೇ ಅವರು ರಾಜೀನಾಮೆ ಕೊಟ್ಟರು. 2021ರಲ್ಲಿ ಹದಿನೆಂಟು ಜನ ಅಭ್ಯರ್ಥಿಗಳ ನಡುವೆ ಹಳ್ಳಿಯ ಶಾಲಾ ಮೇಷ್ಟ್ರು ಪೆದ್ರೋ ಕಾಸ್ತಿಯೋ ಮೊದಲ ಸುತ್ತಿನಲ್ಲಿ ಕ್ರಮಬದ್ಧ ಮತಗಳ ಶೇ 19ರಷ್ಟು ಪಡೆದು ಮೊದಲಿಗರಾದರು. ಎರಡನೇ ಸುತ್ತಿನ ಅಂತರ 44,263 ಮತ. ಸದನದಲ್ಲಿ ಅವರ ಪಕ್ಷಕ್ಕೆ 37. ಪೆರುವಿನ ಸಂವಿಧಾನದಲ್ಲಿ ‘ಶಾಶ್ವತ ನೈತಿಕ ಅಸಮರ್ಥತೆ’ ಎಂಬ ಸಡಿಲ ಮಾತೊಂದಿದೆ. ಆಗಿನ ಸದನದಲ್ಲಿ 87 ಮತ ಕೂಡಿದರೆ ಅದರ ಹೆಸರಿನಲ್ಲಿ ಅಧ್ಯಕ್ಷರನ್ನು ತೆಗೆಯಬಹುದಿತ್ತು. 2022ರ ಡಿಸೆಂಬರ್ 7ರಂದು ಕಾಸ್ತಿಯೋ ತಾವೇ ಸಂಸತ್ತನ್ನು ವಿಸರ್ಜಿಸುತ್ತೇನೆ ಎಂದು ಘೋಷಿಸಿದರು. ಅದೇ ದಿನ ಸಂಸತ್ತು 101 ಮತಗಳಿಂದ ಅವರನ್ನೇ ತೆಗೆಯಿತು. 2016ರಿಂದ 2022ರೊಳಗೆ ಅಲ್ಲಿ ಆರು ಜನ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ನೈತಿಕತೆಯ ಮಾತು ಮೇಲಿನ ಹೊದಿಕೆ, ಕೆಳಗಿರುವುದು ಅಂಕಗಣಿತ.

ಈಕ್ವಡಾರ್‌ನಲ್ಲೂ ಇದೇ ಹಾಡು. 2021ರಲ್ಲಿ ಲಾಸ್ಸೋ ಮೊದಲ ಸುತ್ತಿನಲ್ಲಿ ಶೇ 20ರೊಳಗೆ, ಎರಡನೆಯದರಲ್ಲಿ ಶೇ 52. ಸದನದ 137ರಲ್ಲಿ ಅವರ ಪಕ್ಷಕ್ಕೆ 12. ಅಲ್ಲಿನ ಸಂವಿಧಾನದಲ್ಲಿ ಒಂದು ಸೋಜಿಗದ ಏರ್ಪಾಡಿದೆ. ಅಧ್ಯಕ್ಷ ಸದನವನ್ನು ವಿಸರ್ಜಿಸಬಹುದು, ಆದರೆ ಆಗ ತನ್ನ ಕುರ್ಚಿಯನ್ನೂ ಪಣಕ್ಕಿಡಬೇಕು, ಇಬ್ಬರಿಗೂ ಹೊಸ ಚುನಾವಣೆ. 2023ರ ಮೇ ತಿಂಗಳಲ್ಲಿ ಲಾಸ್ಸೋ ಅದನ್ನೇ ಬಳಸಿದರು. ಜನರ ಬಾಯಲ್ಲಿ ಅದರ ಹೆಸರು ‘ಅಡ್ಡ ಸಾವು’. ಹೆಸರು ಭಯಂಕರವಾದರೂ ನನಗೆ ಆ ಏರ್ಪಾಡು ಇಷ್ಟ. ಕನಿಷ್ಠ ಒಂದು ಬಾಗಿಲಾದರೂ ಇದೆ.

ಎರಡು ಸುತ್ತಿನ ದೋಷಕ್ಕೆ ಮದ್ದು ಹುಡುಕಿದವರೂ ಇದ್ದಾರೆ. ಕೋಸ್ಟರಿಕಾದಲ್ಲಿ ಶೇ 40 ದಾಟಿದರೆ ಮೊದಲ ಸುತ್ತಿನಲ್ಲೇ ಗೆಲುವು. ಅರ್ಜೆಂಟೀನಾದಲ್ಲಿ ಶೇ 45, ಇಲ್ಲವೇ ಶೇ 40ರ ಜೊತೆಗೆ ಹತ್ತು ಅಂಶದ ಮುನ್ನಡೆ. ಗೆರೆ ಕೆಳಗಿಳಿದರೆ ಪಕ್ಷಗಳು ಮತದಾನಕ್ಕೆ ಮೊದಲೇ ಕೂಡಿಕೊಳ್ಳುತ್ತವೆ, ಸುತ್ತುಗಳ ನಡುವಿನ ರಾತ್ರಿ ಚೌಕಾಶಿಗೆ ಜಾಗ ಕಡಿಮೆಯಾಗುತ್ತದೆ. ನೈಜೀರಿಯಾ, ಕೀನ್ಯಾ, ಇಂಡೋನೇಷ್ಯಾಗಳದು ಇನ್ನೊಂದು ಬಗೆ. ಒಟ್ಟು ಮತ ಸಾಲದು, ಅದು ಹರಡಿಕೊಂಡಿರಬೇಕು. ಕೀನ್ಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಮತದ ಜೊತೆಗೆ 47 ಕೌಂಟಿಗಳಲ್ಲಿ ಕನಿಷ್ಠ 24ರಲ್ಲಿ ಕಾಲು ಭಾಗ ಮತ ಬೇಕು. ನೈಜೀರಿಯಾದಲ್ಲಿ ಮೂರನೇ ಎರಡು ಭಾಗ ರಾಜ್ಯಗಳಲ್ಲಿ ಕಾಲು ಭಾಗ. 1979ರಲ್ಲಿ ಅಲ್ಲಿ ರಾಜ್ಯಗಳಿದ್ದದ್ದು ಹತ್ತೊಂಬತ್ತು. ಹತ್ತೊಂಬತ್ತರ ಮೂರನೇ ಎರಡು ಎಂದರೆ ಹನ್ನೆರಡೂ ಮುಕ್ಕಾಲರ ಹತ್ತಿರ! ಹನ್ನೆರಡು ರಾಜ್ಯ ಸಾಕೇ, ಹದಿಮೂರು ಬೇಕೇ ಎಂದು ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ಹೋಯಿತು. ಹದಿಮೂರನೆಯ ರಾಜ್ಯದಲ್ಲಿ ಮೂರನೇ ಎರಡು ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಮೊದಲ ಸ್ಥಾನದಲ್ಲಿದ್ದ ಅಭ್ಯರ್ಥಿ ಶಗಾರಿಯವರ ಗೆಲುವನ್ನು ಎತ್ತಿಹಿಡಿಯಲಾಯಿತು. ನಿಯಮ ಬರೆಯುವವರು ಭಾಗಾಕಾರ ಮಾಡಿ ನೋಡಿಲ್ಲದಿದ್ದರೆ ಹೀಗಾಗುತ್ತದೆ. ನಗು ಬಂದರೂ, ವಿಶೇಷ ಸ್ಥಾನಮಾನದ 371ಜೆ ವಿಧಿಗಾಗಿ ವರ್ಷಗಟ್ಟಲೆ ಕಾದ ನಮ್ಮ ಕಲ್ಯಾಣ ಕರ್ನಾಟಕದವರು ಹರಡಿಕೆಯ ಈ ನಿಯಮವನ್ನು ಹಗುರವಾಗಿ ಕಾಣಬಾರದು. ಬರೀ ಒಟ್ಟು ಮತವೇ ಲೆಕ್ಕವಾದರೆ, ಅಭ್ಯರ್ಥಿ ಬೆಂಗಳೂರಿನ ಸುತ್ತ ಹತ್ತು ಸಲ ತಿರುಗಿ ಬೀದರ್‌ಗೆ ಹೆಲಿಕಾಪ್ಟರಿನಿಂದ ಕೈಬೀಸಿ ಹೋಗುತ್ತಾನೆ.

ಇನ್ನು ಸದನದ ನಿಯಮ. ಇಲ್ಲಿ ಬ್ರೆಜಿಲ್‌ಗಿಂತ ದೊಡ್ಡ ಪಾಠಶಾಲೆ ಇಲ್ಲ. ಕೆಳಮನೆಯಲ್ಲಿ 513 ಸ್ಥಾನ, ಒಂದೊಂದು ರಾಜ್ಯವೇ ಒಂದೊಂದು ಕ್ಷೇತ್ರ. ಚಿಕ್ಕ ರಾಜ್ಯಕ್ಕೆ 8, ಸಾವೊ ಪೌಲೊಗೆ 70. ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಮತದ ಪಾಲಿಗೆ ತಕ್ಕಂತೆ ಸ್ಥಾನ, ಜೊತೆಗೆ ಪಕ್ಷದ ಪಟ್ಟಿಯಲ್ಲಿ ಯಾರು ಮೇಲೆ ಎಂಬುದನ್ನು ಮತದಾರರೇ ನಿರ್ಧರಿಸುತ್ತಾರೆ. ಎಪ್ಪತ್ತು ಸ್ಥಾನದ ಕ್ಷೇತ್ರದಲ್ಲಿ ಬಹಳ ಸಣ್ಣ ಗುಂಪಿಗೂ ಒಂದು ಸ್ಥಾನ ದಕ್ಕುತ್ತದೆ. ಒಂದೇ ಪಕ್ಷದ ಅಭ್ಯರ್ಥಿಗಳು ಒಬ್ಬರಿಗೊಬ್ಬರು ಎದುರಾಳಿಗಳಾಗುತ್ತಾರೆ, ಗೆದ್ದವನು ತನ್ನ ಸ್ವಂತ ಹೆಸರಿನಿಂದ ಗೆದ್ದೆ ಎಂದುಕೊಳ್ಳುತ್ತಾನೆ, ಪಕ್ಷದ ಮಾತು ಕೇಳುವುದಿಲ್ಲ. 2018ರಲ್ಲಿ ಮೂವತ್ತು ಪಕ್ಷಗಳು ಕೆಳಮನೆ ಹೊಕ್ಕವು, ಅತಿ ದೊಡ್ಡ ಪಕ್ಷಕ್ಕೂ ಅರವತ್ತು ಸ್ಥಾನ ಮುಟ್ಟಲಾಗಲಿಲ್ಲ. ಹೀಗಿರುವ ಕಡೆ ಅಧ್ಯಕ್ಷ ಮಂತ್ರಿಗಿರಿ ಹಂಚುತ್ತಾನೆ, ಅನುದಾನ ಹಂಚುತ್ತಾನೆ, ಸನ್ನತಿಯ ಹುಡುಗನಂತೆ ಮುಂದಿನ ಸೀಟು ಬಿಟ್ಟುಕೊಡುತ್ತಾನೆ. ಅಲ್ಲಿನ ರಾಜಕೀಯ ಶಾಸ್ತ್ರಜ್ಞ ಸೆರ್ಜಿಯೊ ಅಬ್ರಾಂಚೆಸ್ 1988ರಲ್ಲೇ ಇದಕ್ಕೆ ‘ಮೈತ್ರಿಕೂಟದ ಅಧ್ಯಕ್ಷೀಯ ಪದ್ಧತಿ’ ಎಂದು ಹೆಸರಿಟ್ಟರು.

ಹಂಚಲು ಬಲ್ಲವರು ಅಲ್ಲಿ ಉಳಿದರು, ಹಂಚಲು ಬಾರದವರು, ಇಲ್ಲವೇ ಒಲ್ಲೆ ಎಂದವರು ಹೋದರು. ಸಣ್ಣದೊಂದು ಪಕ್ಷದಿಂದ ಬಂದು 1989ರಲ್ಲಿ ಗೆದ್ದ ಕೊಲೋರ್ ಸಂಸತ್ತನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಭ್ರಷ್ಟಾಚಾರದ ಆರೋಪ ಬಂದಾಗ 1992ರಲ್ಲಿ 441 ಮಂದಿ ಅವರ ವಿರುದ್ಧ ನಿಂತರು. 2016ರಲ್ಲಿ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರ ವಿರುದ್ಧದ ಮಹಾಭಿಯೋಗಕ್ಕೆ, ಅಂದರೆ ಆರೋಪ ಹೊರಿಸಿ ಪದವಿಯಿಂದ ತೆಗೆಯುವ ಕ್ರಮಕ್ಕೆ, 367 ಮತ ಬಿದ್ದವು. ಮಿತ್ರಪಕ್ಷದಿಂದ ಬಂದ ಉಪಾಧ್ಯಕ್ಷ ತೆಮೆರ್ ಅವರ ಜಾಗದಲ್ಲಿ ಕುಳಿತರು. 2006ರ ಬೆಂಗಳೂರು ನಿಮಗೆ ನೆನಪಾದರೆ ತಪ್ಪಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಮಿತ್ರಪಕ್ಷ ಕೈಬಿಟ್ಟರೆ ಅದು ರಾಜಕೀಯ, ಅಲ್ಲಿ ಅದಕ್ಕೆ ಅಪರಾಧದ ವೇಷ ತೊಡಿಸಬೇಕು. ಸರ್ಕಾರ ಬದಲಿಸುವುದಕ್ಕೆ ಬೇರೆ ಉಪಾಯವಿಲ್ಲ. ಈಚೆಗೆ ಬ್ರೆಜಿಲ್ ಸಣ್ಣ ಪಕ್ಷಗಳಿಗೆ ಕನಿಷ್ಠ ಮತದ ಗೆರೆ ಎಳೆದಿದೆ, ಸದನದ ಚುನಾವಣೆಯಲ್ಲಿ ಪಕ್ಷಗಳ ಹೊಂದಾಣಿಕೆ ಪಟ್ಟಿಗಳನ್ನು ನಿಷೇಧಿಸಿದೆ.

ಮೂರನೆಯ ಸಂಗತಿಯನ್ನು ಜನ ಗಮನಿಸುವುದೇ ಇಲ್ಲ, ಅದು ಕ್ಯಾಲೆಂಡರ್. ನನ್ನ ಎಣಿಕೆಯಲ್ಲಿ ಉಳಿದೆರಡಕ್ಕಿಂತ ಅದೇ ಹೆಚ್ಚು ತೂಕದ್ದು. ಪಕ್ಕದ ಶ್ರೀಲಂಕಾವನ್ನೇ ನೋಡಿ. ಅಲ್ಲಿ ಎರಡನೇ ಸುತ್ತಿಗೆ ಬದಲು ಮತಪತ್ರದಲ್ಲೇ ಮೊದಲ, ಎರಡನೆಯ, ಮೂರನೆಯ ಆಯ್ಕೆ ಬರೆಯುತ್ತಾರೆ. (ನಮ್ಮ ರಾಷ್ಟ್ರಪತಿ ಚುನಾವಣೆಯೂ ಆಯ್ಕೆ ಕ್ರಮದ ಮತವೇ. 1969ರಲ್ಲಿ ವಿ.ವಿ. ಗಿರಿ ಗೆದ್ದದ್ದು ಎರಡನೇ ಆಯ್ಕೆಯ ಮತ ಎಣಿಸಿದ ಮೇಲೆ.) 2024ರ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸ್ಸನಾಯಕೆ ಶೇ 42.31 ಪಡೆದರು, ಆ ದೇಶದಲ್ಲಿ ಮೊದಲ ಸಲ ಎರಡನೇ ಆಯ್ಕೆಗಳನ್ನು ಎಣಿಸಬೇಕಾಯಿತು. ಗೆದ್ದಾಗ 225 ಸದಸ್ಯರ ಸಂಸತ್ತಿನಲ್ಲಿ ಅವರ ಕೂಟದವರು ಮೂರೇ ಮೂರು ಜನ. ಪೆರುವಿನ ಲೆಕ್ಕದಲ್ಲಿ ಇದು ಸರ್ವನಾಶ. ಆದರೆ ಅವರು ತಡಮಾಡದೆ ಸಂಸತ್ತನ್ನು ವಿಸರ್ಜಿಸಿದರು, ನವೆಂಬರ್ 14ಕ್ಕೆ ಮತದಾನ ನಡೆಯಿತು. ಗೆಲುವಿನ ಬಿಸಿ ಆರುವ ಮೊದಲೇ ಜನ 159 ಸ್ಥಾನ ಕೊಟ್ಟರು. ಅದೇ ಮನುಷ್ಯ, ಅವರೇ ಮತದಾರರು, ನಡುವೆ ಎಂಟು ವಾರ.

ಇದರ ತದ್ವಿರುದ್ಧ ಕೊರಿಯಾ. ಅಧ್ಯಕ್ಷರ ಅವಧಿ ಐದು ವರ್ಷ, ಸಂಸತ್ತಿನದು ನಾಲ್ಕು. ಎರಡು ಗಡಿಯಾರಗಳು ಬೇರೆ ಬೇರೆ ಓಡುತ್ತವೆ. ಯೂನ್ ಸುಕ್ ಯೋಲ್ 2022ರಲ್ಲಿ ಗೆದ್ದರು, 2024ರ ಏಪ್ರಿಲಿನಲ್ಲಿ ವಿರೋಧ ಪಕ್ಷಗಳು 300ರಲ್ಲಿ 192 ಸ್ಥಾನ ಕಸಿದವು. ಉಳಿದ ಮೂರು ವರ್ಷ ಬರೀ ತಿಕ್ಕಾಟ ಎಂಬುದು ಕಣ್ಣಿಗೆ ಕಟ್ಟುವಂತಿತ್ತು. ಡಿಸೆಂಬರ್ 3ರ ರಾತ್ರಿ ಅವರು ಸೈನಿಕ ಕಾನೂನು ಘೋಷಿಸಿದರು. ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ರದ್ದು ಮಾಡಿಸಿತು, ಡಿಸೆಂಬರ್ 14ರಂದು 204 ಮತಗಳಿಂದ ಮಹಾಭಿಯೋಗ ಅಂಗೀಕಾರವಾಯಿತು, 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಅವರನ್ನು ಕೆಳಗಿಳಿಸಿತು. ಆ ರಾತ್ರಿಯ ಹೊಣೆ ಅವರದೇ, ಕ್ಯಾಲೆಂಡರಿನದಲ್ಲ. ಆದರೆ ನಡು ಅವಧಿಯಲ್ಲಿ ಸದನದ ಚುನಾವಣೆ ಇಡುವುದೆಂದರೆ ಅಧ್ಯಕ್ಷನ ಮೇಲಿನ ಬೇಸರವನ್ನು ಸ್ಥಾನಗಳಾಗಿ ಪರಿವರ್ತಿಸಲು ದಿನಾಂಕ ಗೊತ್ತುಮಾಡಿದಂತೆ.

ಈಗ ನಿಮ್ಮ ರೆಸಾರ್ಟ್ ಪ್ರಶ್ನೆ. ಅಮೆರಿಕವನ್ನು ಮಾದರಿಯಾಗಿ ಹಿಡಿಯುವವರು ಅಲ್ಲಿರುವುದು ಎರಡೇ ಪಕ್ಷ ಎಂಬುದನ್ನು ಮರೆಯುತ್ತಾರೆ. ನಮ್ಮಲ್ಲಿ ಏನಾಗಬಹುದು ಎಂಬುದಕ್ಕೆ ಇಸ್ರೇಲ್ ಹತ್ತಿರದ ಉದಾಹರಣೆ. ಸಣ್ಣ ಪಕ್ಷಗಳ ಕಾಟ ತಪ್ಪಿಸಲೆಂದೇ ಅವರು ಪ್ರಧಾನಿಯನ್ನು ಜನರೇ ನೇರವಾಗಿ ಆರಿಸುವ ನಿಯಮ ತಂದು 1996ರಲ್ಲಿ ಮೊದಲ ಸಲ ನಡೆಸಿದರು. ಮತದಾರನ ಕೈಗೆ ಎರಡು ಚೀಟಿ ಬಂದವು. ಒಂದನ್ನು ದೊಡ್ಡ ನಾಯಕನಿಗೆ ಹಾಕಿದ, ಇನ್ನೊಂದನ್ನು ನಿಶ್ಚಿಂತೆಯಿಂದ ತನ್ನ ಗುಂಪಿನ ಪಕ್ಷಕ್ಕೆ ಹಾಕಿದ. 1992ರಲ್ಲಿ 120 ಸ್ಥಾನಗಳ ಪೈಕಿ ಎರಡು ದೊಡ್ಡ ಪಕ್ಷಗಳಿಗೆ ಸೇರಿ 76 ಇದ್ದದ್ದು 1999ರಲ್ಲಿ 45ಕ್ಕೆ ಇಳಿಯಿತು. 2001ರಲ್ಲಿ ನಿಯಮವನ್ನೇ ಕಿತ್ತುಹಾಕಿದರು. ನಮ್ಮ ಮತದಾರನ ಕೈಗೆ ಎರಡು ಚೀಟಿ ಕೊಟ್ಟರೆ ಅವನೂ ಬೇರೇನು ಮಾಡಿಯಾನು?

ಇನ್ನೊಂದು ತೊಡಕನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. 1985ರಿಂದ ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದ ಶಾಸಕನ ಸ್ಥಾನ ಹೋಗುತ್ತದೆ. ಅದರ ಜೊತೆಗೆ ಅಲ್ಪಮತದ ಅಧ್ಯಕ್ಷನನ್ನು ಕೂರಿಸಿದರೆ, ವಿರೋಧ ಪಕ್ಷದ ಒಬ್ಬ ಸದಸ್ಯನೂ ಒಳ್ಳೆಯ ಮಸೂದೆಯೆಂದು ಈಚೆ ಬಂದು ಮತ ಹಾಕಲಾರ. ಬ್ರೆಜಿಲ್‌ನ ಗಾಡಿಗೆ ಎಣ್ಣೆಯಾಗಿರುವುದೇ ಸದಸ್ಯರ ಆ ಸಡಿಲತನ. ನಮ್ಮಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕಾಯ್ದೆಯನ್ನು ಸಡಿಲಿಸಿದರೆ ರೆಸಾರ್ಟ್ ಮುಚ್ಚುವುದಿಲ್ಲ. ಈಗ ಸರ್ಕಾರ ಕೆಡಹುವಾಗ ಒಮ್ಮೆ ತುಂಬುವ ಕೋಣೆಗಳು ಆಗ ಪ್ರತಿ ಬಜೆಟ್ಟಿಗೂ ತುಂಬುತ್ತವೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಸ್ಥಿರತೆ ಮತ್ತು ಹೊಣೆಗಾರಿಕೆ ಎರಡೂ ಸಮನಾಗಿ ಸಿಗುವ ಪದ್ಧತಿ ಇಲ್ಲವೆಂದೂ, ಕರಡು ಹೊಣೆಗಾರಿಕೆಗೆ ಹೆಚ್ಚು ತೂಕ ಕೊಟ್ಟಿದೆಯೆಂದೂ ಹೇಳಿದ್ದರು. ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರವಾಗಿರುವುದು ಕುರ್ಚಿ ಎಂದು ನಾನು ಅದಕ್ಕೆ ಸೇರಿಸುತ್ತೇನೆ, ಸರ್ಕಾರದ ಕೆಲಸವೂ ಅಷ್ಟೇ ಸ್ಥಿರವಾಗಿ ನಡೆದೀತು ಎಂದಲ್ಲ.

ಇನ್ನು ಕಲಬುರಗಿಯ ಮೇಯರ್. 2021ರ ಪಾಲಿಕೆ ಚುನಾವಣೆಯಲ್ಲಿ 55 ವಾರ್ಡುಗಳ ಪೈಕಿ ಕಾಂಗ್ರೆಸ್‌ಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರರಿಗೆ 1 ಬಂದವು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು ಕೂಡ ಮತ ಹಾಕುವುದರಿಂದ ಕೂಡಿಸಿ ಕಳೆಯುವ ಲೆಕ್ಕ ಇನ್ನೂ ಜಟಿಲ. ಹೀಗೆ ಒಂದು ವರ್ಷಕ್ಕೆ ಬರುವ ಮೇಯರ್, ಕಡತದ ದಾರ ಬಿಚ್ಚುವುದರೊಳಗೆ ಮಾಜಿಯಾಗುತ್ತಾರೆ. ಇದರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿ ಮೇಯರ್‌ಗಳನ್ನು ಜನರೇ ಆರಿಸುತ್ತಾರೆ. ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ ನಗರಸಭೆ ಅಧ್ಯಕ್ಷರ ನೇರ ಆಯ್ಕೆಯ ನಿಯಮ, ಸರ್ಕಾರ ಬದಲಾದ ಹಾಗೆಲ್ಲ, ಬಂದು ಹೋಗಿ ಮತ್ತೆ ಬಂದಿದೆ.

ಹಾಗಾಗಿ ನಿಮ್ಮ ಕೋಣೆಯವರು ನೇರ ಮೇಯರ್ ಬೇಕೆಂದು ಮನವಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ, ಆದರೆ ಅದರಲ್ಲಿ ಮೂರು ಸಾಲು ಹೆಚ್ಚಿಗೆ ಇರಬೇಕು. ಮೇಯರ್ ಮತ್ತು ಸದಸ್ಯರ ಚುನಾವಣೆ ಒಂದೇ ದಿನ ನಡೆಯಬೇಕು. ಎರಡನೇ ಸುತ್ತಿಲ್ಲದೆ, ಒಂದೇ ಮತಪತ್ರದಲ್ಲಿ ಮೊದಲ ಮತ್ತು ಎರಡನೆಯ ಆಯ್ಕೆ ಬರೆಯುವಂತಿರಬೇಕು. ಸಭೆ ಬಜೆಟ್ಟನ್ನು ತಿರಸ್ಕರಿಸಿದರೆ ಮುಂದೇನು ಎಂಬುದನ್ನು ಕಾಯ್ದೆಯಲ್ಲೇ ಬರೆದಿಡಬೇಕು: ಇಷ್ಟು ದಿನದೊಳಗೆ ರಾಜಿಯಾಗದಿದ್ದರೆ ಮೇಯರ್ ಮತ್ತು ಸದಸ್ಯರು ಇಬ್ಬರೂ ಮತ್ತೆ ಮತದಾರರ ಮುಂದೆ ಹೋಗಬೇಕು. ಈ ಮೂರನೆಯ ಸಾಲನ್ನು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಅದನ್ನು ಮೊದಲು ಬರೆಯಿರಿ.